ಅಮೆರಿಕ, ರಷ್ಯಾ ಮತ್ತು ನನ್ನ ಖಾರದ ಗಿರಣಿ

ದೊಡ್ಡ ದೇಶಗಳ ಜಗಳದ ಮಾತು ನಾನು ಎಲ್ಲಿ ತೆಗೆದರೂ ಅಲ್ಲೊಂದು ಫಜೀತಿ ಆಗಿಯೇ ತೀರುತ್ತದೆ. ಬ್ಯಾಡಗಿಯಲ್ಲಿ ನನ್ನದೊಂದು ಖಾರದ ಗಿರಣಿ ಇದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದ ಶುರು ಮಾಡಿ ಆ ಗಿರಣಿ ಕಟ್ಟಿದವಳು ನಾನು. ಓದನ್ನೂ ಹಾಗೆಯೇ ಒಬ್ಬಳೇ ಕಟ್ಟಿಕೊಂಡೆ. ದಪ್ಪ ಪುಸ್ತಕ ಕಂಡರೆ ನನಗೆ ಹಟ ಬರುತ್ತದೆ. ಎರಡು ವರ್ಷದಿಂದ ಹಿಡಿದಿರುವುದು ಒಂದೇ ಪ್ರಶ್ನೆ: ದೊಡ್ಡ ದೇಶಗಳು ಹೊಡೆದಾಡುವುದು ಸಿದ್ಧಾಂತಕ್ಕೋ, ಸ್ವಾರ್ಥಕ್ಕೋ? ಅದರ ಬಗ್ಗೆ ಹನ್ನೆರಡು ಪುಟ ಬರೆದಿದ್ದೆ. ರಾಣೆಬೆನ್ನೂರಿನ ನಮ್ಮ ಓದುಗರ ಬಳಗದ ವಾರ್ಷಿಕ ಸಭೆಯಲ್ಲಿ ಅದನ್ನು ಓದಿಯೇ ಸೈ ಎಂದು ಪಣ ತೊಟ್ಟಿದ್ದೆ.

೧. ಥಂಡಿ ಯುದ್ಧ

ಬಳಗ ನಡೆಸುವವರು ಒಬ್ಬ ನಿವೃತ್ತ ಹೆಡ್‌ಮಾಸ್ತರರು. ನಾನು ಸೇರಿದ ಮೊದಲ ದಿನವೇ ನನ್ನನ್ನು ಪರೀಕ್ಷೆಗೆ ನಿಲ್ಲಿಸಿದರು.

"ಶೀತಲ ಸಮರ ಅಂದ್ರ ಏನ್ ತಿಳಕೊಂಡೀರಿ ಅಕ್ಕಾರ? ಹಿಮದಾಗ ನಡದ ಯುದ್ಧ ಅಲ್ಲ ಮತ್ತ."

ಸುತ್ತಲಿದ್ದವರು ನಕ್ಕರು.

"ಗೊತ್ತೈತ್ರಿ. ನಾನೂ ನನ್ನ ನೆಗೆಣ್ಣಿನೂ ಒಂದ ಅಡಗಿಮನ್ಯಾಗ ಒಂಬತ್ತು ವರ್ಷ ಇದ್ವಿ. ಒಂದ ಮಾತಿಲ್ಲ, ಒಂದ ಏಟಿಲ್ಲ. ಬರೇ ಪಾತ್ರೆ ಸಪ್ಪಳ. ಬಡದಾಡಿದ್ದು ಏನಿದ್ರೂ ಆಕಿ ತವರಮನ್ಯಾವ್ರು, ನನ್ನ ತವರಮನ್ಯಾವ್ರು."

ಹೆಡ್‌ಮಾಸ್ತರರು ಕನ್ನಡಕ ತೆಗೆದರು. "ಅದರಾಗ ಸಿದ್ಧಾಂತ ಏನಿತ್ರಿ?"

"ಪಲ್ಯಾಕ್ಕ ಬೆಲ್ಲ ಹಾಕಬೇಕು ಅಂತ ಆಕಿ, ಹಾಕಬಾರದು ಅಂತ ನಾನು. ಜಗಳ ಬೆಲ್ಲದ್ದಲ್ಲರಿ ಸರ, ಒಲಿ ಯಾರದು ಅನ್ನೋದು."

೨. ಬಸ್ಸಿನಲ್ಲಿ ಕ್ರಾಂತಿ

ಕಾಗಿನೆಲೆಯಿಂದ ಹಾವೇರಿಗೆ ಹೊರಟಿದ್ದೆ. ಇಬ್ಬರ ಸೀಟಿನಲ್ಲಿ ಪಕ್ಕಕ್ಕೆ ಚೀಲ ಇಟ್ಟುಕೊಂಡು ಓದುತ್ತಿದ್ದೆ. ಗಟ್ಟಿಮುಟ್ಟಾದ ಒಬ್ಬ ಹೆಂಗಸು ಬಂದು ನಿಂತಳು.

"ಯಾವ ಪುರಾಣಬೇ ಯಕ್ಕಾ?"

"ಎರಡು ದೊಡ್ಡ ದೇಶದ ಜಗಳ. ಎಲ್ಲಾ ಎಲ್ಲಾರಿಗೂ ಸೇರಿದ್ದು ಅಂತೈತಿ ಒಂದು. ಅವರವರದು ಅವರವರಿಗೆ ಅಂತೈತಿ ಇನ್ನೊಂದು."

"ಮೊದಲನೇದ ಖರೇ ನೋಡು," ಎಂದವಳೇ ನನ್ನ ಚೀಲ ಎತ್ತಿ ನನ್ನ ತೊಡೆಯ ಮೇಲಿಟ್ಟು ಕುಳಿತುಬಿಟ್ಟಳು. "ಸೀಟೇನು ಯಾರಪ್ಪಂದು?"

ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕಿ ಹತ್ತಿದಳು. "ಒಂಚೂರು ಸರೀರವ್ವಾ" ಎಂದಳು. ನನ್ನ ಪಕ್ಕದವಳು ಇದ್ದಲ್ಲೇ ಇನ್ನಷ್ಟು ಅಗಲವಾದಳು.

"ಇದು ಇಬ್ಬರ ಸೀಟ ಐತಬೇ ಆಯಿ. ನಾವು ಮೊದಲ ಹಿಡದೇವಿ."

ನಾನು ಎದ್ದು ಮುದುಕಿಗೆ ಜಾಗ ಕೊಟ್ಟು ಈಕೆಯ ಮುಖ ನೋಡಿದೆ. ಆಕೆ ಸ್ವಲ್ಪವೂ ಅಳುಕದೆ ಹೇಳಿದಳು: "ಆ ಎರಡನೇ ದೇಶದ್ದೂ ಖರೇನ ಐತಿ ಬಿಡು."

೩. ಶೃಂಗಸಭೆ

ಹಾವೇರಿಯ ಪೇಟೆಯಲ್ಲಿ ಬೇರೆಯಾದ ಅಣ್ಣತಮ್ಮಂದಿರ ಎರಡು ಅಂಗಡಿಗಳಿವೆ, ಎದುರುಬದುರು. ಅಣ್ಣನ ಬೋರ್ಡು, "ಯಂತ್ರ ಮುಟ್ಟದ ಖಾರ". ತಮ್ಮನದು, "ಕೈ ಮುಟ್ಟದ ಖಾರ". ಆರು ವರ್ಷದಿಂದ ಮಾತಿಲ್ಲ. ಇಬ್ಬರಿಗೂ ಖಾರದ ಪುಡಿ ಹೋಗುವುದು ನನ್ನ ಗಿರಣಿಯಿಂದ. ಅಲ್ಲಿ ಯಂತ್ರವೂ ಮುಟ್ಟುತ್ತದೆ, ಕೈಯೂ ಮುಟ್ಟುತ್ತದೆ. ಬೋರ್ಡು ಬದಲಿಸಿರಿ ಎಂದು ಇಬ್ಬರಿಗೂ ಹೇಳಿದ್ದೆ. "ಅದು ನಮ್ಮ ತತ್ವರಿ ಅಕ್ಕಾರ" ಎಂದು ಇಬ್ಬರೂ ಒಂದೇ ಮಾತು ಹೇಳಿದ್ದರು.

ಒಂದು ಬೆಳಿಗ್ಗೆ ಅಣ್ಣ ಗಿರಣಿಗೆ ಬಂದು ನಿಂತಿದ್ದಾಗಲೇ ತಮ್ಮನ ಗಾಡಿಯೂ ಬಂತು. ಅಣ್ಣ ಗಡಿಬಿಡಿಯಲ್ಲಿ ಮೆಣಸಿನಕಾಯಿ ಚೀಲಗಳ ಹಿಂದೆ ಅಡಗಿದ. ಚೀಲಗಳ ಹಿಂದೆ ಅಡಗಿದವರು ಎಷ್ಟು ಹೊತ್ತು ತಡೆದಾರು? ಒಂದಾದ ಮೇಲೊಂದು ನಾಲ್ಕು ಸೀನು.

ತಮ್ಮನ ಕಿವಿ ನಿಮಿರಿತು. "ಇದು ನಮ್ಮ ಅಣ್ಣನ ಸೀನು."

ಅಣ್ಣ ಕಣ್ಣು ಒರೆಸಿಕೊಳ್ಳುತ್ತ ಹೊರಬಂದ. "ಗಿರಣಿ ಹೆಂಗೈತಿ ನೋಡಾಕ ಬಂದಿದ್ದೆ."

"ನಾನೂ ಅದಕ್ಕ ಬಂದೇನಿ," ಎಂದ ತಮ್ಮ, ಕೈಯಲ್ಲಿ ಖಾಲಿ ಚೀಲ ಹಿಡಿದು.

ಇಬ್ಬರನ್ನೂ ಕೂಡಿಸಿ ಚಾ ಕುಡಿಸಿದೆ. ಆರು ವರ್ಷದ ಮಾತು ಒಂದು ತಾಸು ನಡೆಯಿತು, ತಾಯಿಯ ಮೊಣಕಾಲು ನೋವಿನಿಂದ ಹಿಡಿದು ಮಕ್ಕಳ ಮಾರ್ಕ್ಸಿನವರೆಗೆ. ಹೋಗುವಾಗ ಇಬ್ಬರೂ ಕೂಡಿಯೇ ನನ್ನ ಹತ್ತಿರ ಬಂದರು. "ಅಕ್ಕಾರ, ನಾವು ಮಾತಾಡಿದ್ದು ಗಿರಾಕಿಗಳಿಗೆ ಗೊತ್ತಾಗಬಾರದ್ರಿ. ಧಂದೆಕ್ಕ ತ್ರಾಸ ಆಗತೈತಿ."

೪. ಸ್ವಾಗತ

ವಾರ್ಷಿಕ ಸಭೆ ಹತ್ತಿರ ಬಂದಾಗ ನನ್ನ ಹನ್ನೆರಡು ಪುಟವನ್ನು ಹೆಡ್‌ಮಾಸ್ತರರ ಮುಂದಿಟ್ಟೆ. ಅವರು ತೆರೆಯಲೇ ಇಲ್ಲ.

"ವಿಷಯ ಭಾರಿ ಐತ್ರಿ ಅಕ್ಕಾರ. ಅದರ ಮ್ಯಾಲೆ ಮಾತಾಡಾಕ ಮೈಸೂರಿಂದ ದೊಡ್ಡ ಪ್ರೊಫೆಸರ್ ಬರಾಕತ್ತಾರ. ನೀವು ಸ್ವಾಗತ ಮಾಡ್ರಿ, ಸಾಕು."

"ಸ್ವಾಗತ ನನ್ನ ರೀತಿಲೆ ಮಾಡ್ಲೇನ್ರಿ?"

"ಅದಕ್ಕೇನಾತು, ಮಾಡ್ರಿ."

ಸಭೆಯಲ್ಲಿ ಹಾರದ ಬದಲು ಪ್ರೊಫೆಸರರ ಮುಂದೆ ಒಂದು ತಟ್ಟೆ ಇಟ್ಟೆ. ಅದರಲ್ಲಿ ಎರಡೇ ಮೆಣಸಿನಕಾಯಿ. ಒಂದು ನಮ್ಮ ಬ್ಯಾಡಗಿಯದು, ಸುಕ್ಕುಗಟ್ಟಿದ ಕಡುಗೆಂಪು. ಇನ್ನೊಂದು ಬೇರೆ ಸೀಮೆಯದು, ಗಿಡ್ಡ, ಮಂಕು ಬಣ್ಣ.

"ಸರ, ಈ ಎರಡರಾಗ ಖಾರ ಯಾವುದು ಹೇಳ್ರಿ."

"ನೋಡಿದ್ರೇ ಗೊತ್ತಾಗುತ್ತಲ್ಲಮ್ಮ, ಈ ಕೆಂಪಂದು," ಎಂದರು ಪ್ರೊಫೆಸರ್.

ಸಭೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಬಹಳ, ಖಾರ ಕಡಿಮೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ನಗು ಯಾಕೆಂದು ಅವರಿಗೆ ತಿಳಿಯಲಿಲ್ಲ. ತಾವು ಖಾರಕ್ಕೆ ಹೆದರುತ್ತೇವೆಂದು ನಗುತ್ತಿದ್ದಾರೆ ಅಂದುಕೊಂಡರೋ ಏನೋ, "ನಾವೂ ಖಾರ ತಿಂದು ಬೆಳೆದವ್ರೇ" ಎನ್ನುತ್ತ, ಖಾರ ಕಡಿಮೆ ಎಂದು ತಾವು ತಿಳಿದಿದ್ದ ಗಿಡ್ಡದನ್ನೇ ಎತ್ತಿಕೊಂಡರು.

"ಸರ, ಅದು ಬ್ಯಾಡ್ರಿ" ಎಂದೆ. ಅಷ್ಟರಲ್ಲಿ ಅರ್ಧ ಅಗಿದಾಗಿತ್ತು.

ಮುಂದೆ ನೀರು ಬಂತು, ಬೆಲ್ಲ ಬಂತು, ಮಜ್ಜಿಗೆ ಬಂತು. ಮಾತು ಮಾತ್ರ ಬರಲಿಲ್ಲ. ಸಭೆ ತುಂಬ ಜನ, ಮೈಕಿನ ಮುಂದೆ ಯಾರೂ ಇಲ್ಲ. ಹೆಡ್‌ಮಾಸ್ತರರು ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದರು: "ಅವ್ರು ಸುಧಾರಿಸ್ಕೊಳ್ಳೋತನಕ ನಿಮ್ಮ ಕಾಗದ ಓದ್ರಿ."

ಸೆರಗು ಸರಿಮಾಡಿಕೊಂಡು ಹನ್ನೆರಡೂ ಪುಟ ಓದಿದೆ. ಒಂದೇ ಕೆಂಪು ಬಾವುಟದ ರಷ್ಯಾ ಮತ್ತು ಚೀನಾ ಗಡಿಗಾಗಿ ಬಡಿದಾಡಿದವು ಎಂದೆ. ಅಮೆರಿಕ ಒಂದು ಕಾಲಕ್ಕೆ ರಷ್ಯಾದ ಕೆಂಪನ್ನು ದೂರುತ್ತಲೇ ಚೀನಾದ ಕೆಂಪಿಗೆ ಕೈ ಕುಲುಕಿತು ಎಂದೆ. ಹಾಗೆಂದು ಸಿದ್ಧಾಂತವೆಲ್ಲ ಸುಳ್ಳು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮೆಣಸಿನಕಾಯಿ ದೇಶ ದೇಶಕ್ಕೆ ಹೋಗುವುದು ಖಾರಕ್ಕಲ್ಲ, ಬಣ್ಣಕ್ಕೆ. ಸಿದ್ಧಾಂತವೂ ಅಂಥದೇ ಬಣ್ಣ; ಅದನ್ನು ನಂಬಿ ಜನ ಹಿಂದೆ ಬರುತ್ತಾರೆ, ಪ್ರಾಣವನ್ನೂ ಕೊಡುತ್ತಾರೆ. ಬಣ್ಣವನ್ನೂ ಅಳೆಯಬೇಕು, ಖಾರವನ್ನೂ ಅಳೆಯಬೇಕು. ಒಂದನ್ನು ನೋಡಿ ಇನ್ನೊಂದನ್ನು ಹೇಳಬಾರದು, ಅಷ್ಟೇ.

ಓದಿ ಮುಗಿಸಿದಾಗ ಮೊದಲು ಚಪ್ಪಾಳೆ ತಟ್ಟಿದವರು ಪ್ರೊಫೆಸರರೇ. ಕಣ್ಣಲ್ಲಿ ಇನ್ನೂ ನೀರಿತ್ತು. ಕೈಸನ್ನೆ ಮಾಡಿ ನನ್ನ ಕಾಗದಗಳನ್ನು ಕೇಳಿ ತೆಗೆದುಕೊಂಡರು.

ಜನ ಕರಗಿದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಮೂಲೆಗೆ ಕರೆದರು. "ಅಕ್ಕಾರ, ಖರೇ ಹೇಳ್ರಿ. ಇದೆಲ್ಲಾ ಬೇಕಂತನ ಮಾಡಿದ್ರೇನು?"

"ನನಗೇನ್ ತಿಳೀತೈತ್ರಿ ಸರ, ವಿಷಯ ಭಾರಿ ಐತಿ," ಎಂದೆ. "ನಾ ಬರೇ ಸ್ವಾಗತ ಮಾಡೇನಿ."