ಕೈಗಾಡಿ ತಳ್ಳಿದವರು ಯಾರು

ಆ ಗುಡ್ಡದ ದಾರಿಯಲ್ಲಿ ಹಮಾದಾ ಸಾನ್ ಅವರ ಕೈಗಾಡಿಯನ್ನು ತಳ್ಳಿದ್ದು ನಾನೇ ಎಂದು ನನಗೆ ಬಹುಮಟ್ಟಿಗೆ ನೆನಪಿದೆ. ‘ಬಹುಮಟ್ಟಿಗೆ’ ಎಂದು ಬೇಕೆಂದೇ ಬರೆದಿದ್ದೇನೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಜಪಾನಿನ ನಗೋಯಾದ ಕಾರ್ಖಾನೆಯೊಂದರಲ್ಲಿ ಕಾರಿನ ಬ್ರೇಕು ಎಲ್ಲೆಲ್ಲಿ ಕೈಕೊಡಬಹುದು ಎಂದು ಮುಂಚೆಯೇ ಪಟ್ಟಿ ಮಾಡುವುದನ್ನು ಕಸುಬು ಮಾಡಿಕೊಂಡವನು ನಾನು. ಅಳತೆಗೆ ಸಿಗದ್ದನ್ನು ನಂಬುವುದಿಲ್ಲ. ನನ್ನ ನೆನಪನ್ನಂತೂ ಹೆಂಡತಿಯನ್ನು ಕೇಳದೆ ನಂಬುವುದಿಲ್ಲ. ಅವಳನ್ನು ಕೇಳಿದ ಮೇಲೆ ಅದು ಪೂರ್ತಿ ಕೆಟ್ಟುಹೋಗುತ್ತದೆ ಎನ್ನುವುದು ಬೇರೆ ಮಾತು. ಆ ದಿನ ಬಿಸಿಲಿತ್ತು ಎಂದು ನಾನು, ಮೋಡವಿತ್ತು ಎಂದು ಸುಧಾ. ಬಿಸಿಲನ್ನಾದರೂ ಬಿಟ್ಟುಕೊಟ್ಟೇನು, ಗಾಡಿಯ ವಿಷಯ ಮಾತ್ರ ನನ್ನ ಮಾನದ ಪ್ರಶ್ನೆ.

ಇದಕ್ಕೆಲ್ಲ ಮೂಲ ಕೊರೋನಾ. ಮೊದಲ ವರ್ಷ ನಗೋಯಾದ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಮಾಯವಾಯಿತಲ್ಲ, ಅಂದು ಶುರುವಾದ ಚಡಪಡಿಕೆ ನನ್ನನ್ನು ಬಿಡಲಿಲ್ಲ. ನೀರಿನಲ್ಲೇ ಕೆಲಸ ಸಾಗಿಸುವ ಜಾತಿಯವರಾದ ನಮಗೆ ಆ ಕಾಗದದಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೂ ಖಾಲಿ ಕಪಾಟು ಖಾಲಿ ಕಪಾಟೇ. ಎರಡು ಕೋಣೆಯ ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತ, ನಡುನಡುವೆ ಎದ್ದು ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತ, ಲೋಕವೆಲ್ಲ ಮುಚ್ಚಿಹೋದರೆ ಬಾವಿ, ಮಣ್ಣು, ಸೌದೆ ನಂಬಿ ಬದುಕಲು ಯಾವ ಊರು ಸರಿ ಎಂದು ನಲವತ್ತು ಕಾಲಮ್ಮಿನ ಎಕ್ಸೆಲ್ ಶೀಟು ತಯಾರಿಸಿದೆ. ಇಲ್ಲಿ ‘ಗುನ್’ ಅನ್ನುತ್ತಾರೆ, ನಮ್ಮ ತಾಲ್ಲೂಕಿನ ಹಾಗೆ. ಸಮುದ್ರದ ದಡದ ಅಂಥ ನಾಲ್ಕು ಗುನ್‌ಗಳಿಗೆ ಹೋಗಿ ಅಂಕ ಕೊಟ್ಟು ನಾಲ್ಕನ್ನೂ ಫೇಲು ಮಾಡಿದೆ.

“ಮೀನಿಗೆ ಎಂಟು ಮಾರ್ಕ್ಸ್ ಕೊಟ್ಟಿದ್ದೀರಲ್ಲಾ, ತಿನ್ನೋರ್ಯಾರು?” ಎಂದಳು ಸುಧಾ ಶೀಟು ನೋಡಿ.

“ತಿನ್ನೋದಕ್ಕಲ್ಲ. ಬೇರೆಯವರಿಗೆ ಮೀನು ಕೊಟ್ಟು ತರಕಾರಿ ತಗೊಳ್ಳೋಕೆ.”

“ಹಿಡಿಯೋರು?”

ಹಿಡಿಯುವವರಿಗೆ ಕಾಲಮ್ಮಿರಲಿಲ್ಲ. “ರೀ, ಐದನೇದು ನೋಡ್ಕೊಂಡು ಬರೋಣ. ಅದೂ ಆಗಲಿಲ್ಲ ಅಂದ್ರೆ ಈ ಶೀಟ್ ಡಿಲೀಟ್ ಮಾಡಿ ಒಂದ್ಕಡೆ ಸುಮ್ನೆ ಕೂತ್ಕೋಬೇಕು, ಆಯ್ತಾ?” ಎಂದಳು. ಸುಮ್ಮನೆ ಕೂರುವುದೊಂದೇ ನನ್ನ ಕೈಲಾಗದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಸಾಲದ್ದಕ್ಕೆ, ಆ ಐದನೇ ಊರಿನ ಖಾಲಿ ಮನೆಯ ಫೋಟೋ ನೋಡಿ ನಾನು ಒಳಗೊಳಗೇ ಸೋತಿದ್ದೆ: ಒಂದು ಬಾವಿ, ಆರು ಕಿತ್ತಳೆ ಗಿಡ, ಹಿತ್ತಲಿನಾಚೆ ಕಡಲು.

ಕಾರಿನಲ್ಲಿ ಮೂರು ಗಂಟೆ ದಕ್ಷಿಣಕ್ಕೆ. ಊರಿನ ಕಚೇರಿಯ ನಿಶಿಮುರಾ ಸಾನ್ (ನಮ್ಮ ‘ಅವರು’ ಇಲ್ಲಿ ‘ಸಾನ್’) ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಕಾದಿದ್ದರು. ಬೀದಿಯ ಕಿಟಕಿಗಳೆಲ್ಲ ನಮ್ಮ ಕಾರಿನ ನಗೋಯಾ ನಂಬರ್ ಪ್ಲೇಟನ್ನು ನೋಡುತ್ತಿದ್ದವು. ನಾನು ಬಾವಿಗೆ ಹಗ್ಗ ಬಿಟ್ಟು ಅಳೆದೆ, ಮಣ್ಣು ಹಿಸುಕಿ ಮೂಸಿದೆ, ಅಂಕ ಹಾಕಿದೆ. ‘ನೆರೆಹೊರೆ’ ಎಂಬ ಕಾಲಮ್ಮಿಗೆ ಬಂದಾಗ ಪಕ್ಕದ ಮನೆಯ ಬಾಗಿಲಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತರಕಾರಿ ಕೈಗಾಡಿಯ ಹಿಡಿಗೆ ಗದ್ದ ಊರಿ ನಮ್ಮನ್ನೇ ನೋಡುತ್ತಿದ್ದರು. ಅವರೇ ಹಮಾದಾ ಸಾನ್, ಒಂಟಿ. ಆಪತ್ತಿನಲ್ಲಿ ಹೊರೆ ಎಂದು ಲೆಕ್ಕ ಹಾಕಿ ಮೈನಸ್ ಐದು ಕೊಟ್ಟೆ. ನಿಶಿಮುರಾ ಸಾನ್ ಬಗ್ಗಿ, ಆ ಮೈನಸ್ ಏನು ಎಂದು ಕೇಳಿದರು. ರೈಲ್ವೆ ಸ್ಟೇಷನ್ನಿನ ದೂರ ಎಂದೆ.

ಆಮೇಲೆ ನಿಶಿಮುರಾ ಸಾನ್ ಹೇಳಿದ್ದನ್ನು ಸುಧಾ ನನಗೆ ಕನ್ನಡದಲ್ಲಿ ಹೇಳಿದಳು. ಪಾರ್ಕಿನಲ್ಲಿ ಪರಿಚಯವಾದ ಹೆಂಗಸರಿಂದ ಕಲಿತ ಅವಳ ಜಪಾನಿ ಭಾಷೆ ನನ್ನ ಆಫೀಸಿನದಕ್ಕಿಂತ ಮೇಲು. ಆ ಊರಿನಲ್ಲಿ ಕಡಲಿನ ಬದಿಯ ಮನೆಗಳಿಗೆಲ್ಲ ಜೋಡಿ ಇದೆ. ಸುನಾಮಿಯ ಸೈರನ್ ಕೂಗಿದರೆ ನಡೆಯಲಾರದವರ ಬಾಗಿಲಿಗೆ ಅವರ ಜೋಡಿ ಹೋಗಬೇಕು, ಗುಡ್ಡಕ್ಕೆ ಕರೆದೊಯ್ಯಬೇಕು. ಹಮಾದಾ ಸಾನ್‌ಗೆ ಜೋಡಿ ಈ ಖಾಲಿ ಮನೆ. ಇದರಲ್ಲಿದ್ದವರು ಫುಕುವೋಕಾದ ಮಗಳ ಮನೆಗೆ ಹೋದ ಮೇಲೆ ಅಜ್ಜಿ ಗುಡ್ಡ ಹತ್ತಿ ಅಭ್ಯಾಸ ಮಾಡುವ ಒಂದು ಡ್ರಿಲ್ಲಿಗೂ ಬಂದಿಲ್ಲ. ‘ನನ್ನೊಬ್ಬಳಿಗಾಗಿ ಆ ಗುಡ್ಡ ಹತ್ತಬೇಕೆ’ ಎಂದು ಬಾಗಿಲು ಹಾಕಿಕೊಂಡು ಟಿ.ವಿ. ನೋಡುತ್ತಾರೆ. ನಿಜವಾದ ನೀರು ಬಂದರೂ ಹಾಗೇ ಮಾಡಿಯಾರು ಎಂದು ಊರಿಗೆ ಹೆದರಿಕೆ. ಆದ್ದರಿಂದ ಮನೆ ಯಾರಿಗೆ ಎಂದು ತೀರ್ಮಾನಿಸುವುದು ಊರಿನ ಸಂಘ. ಇವತ್ತು ಹತ್ತು ಗಂಟೆಗೆ ಡ್ರಿಲ್ ಇದೆ, ತಾವೂ ಸೇರಬಹುದೇ?

ಅಂಕ ಹಾಕಲು ಬಂದವನಿಗೇ ಪರೀಕ್ಷೆ. ಇರಲಿ, ತಯಾರಿಯಲ್ಲಿ ನನ್ನನ್ನು ಮೀರಿಸುವವರಾರು ಎಂದುಕೊಂಡೆ.

ಲೌಡ್‌ಸ್ಪೀಕರ್ ಕೂಗಿತು. ಎರಡು ವರ್ಷದಿಂದ ತುಂಬಿಟ್ಟ ನನ್ನ ಆಪತ್ತಿನ ಚೀಲವನ್ನು ಕಾರಿನಿಂದ ಎತ್ತಿ ಬೆನ್ನಿಗೇರಿಸಿದೆ: ಐದು ಲೀಟರಿನ ಕುಕ್ಕರು, ತೊಗರಿಬೇಳೆ, ಅಕ್ಕಿ, ಹುಣಸೆಹಣ್ಣು, ನೀರು, ಮಡಚುವ ಗುದ್ದಲಿ, ಕೈಯಲ್ಲಿ ತಿರುಗಿಸುವ ರೇಡಿಯೋ. ಹಮಾದಾ ಸಾನ್ ಬಾಗಿಲು ತಟ್ಟಿದೆ. ಅವರು ರಬ್ಬರ್ ಬೂಟು ಮೆಟ್ಟಿ, ಕೈಗಾಡಿ ಹಿಡಿದು ಬಂದು ನನ್ನನ್ನೂ ಚೀಲವನ್ನೂ ನೋಡಿ ಒಂದು ನಿಮಿಷ ಮಾತಾಡಿದರು.

“ಅದರಲ್ಲಿ ಏನಿದೆ ಅಂತ ಕೇಳ್ತಿದ್ದಾರೆ,” ಎಂದಳು ಸುಧಾ.

“ಒಂದು ತಿಂಗಳಿಗೆ ಬೇಕಾದ್ದೆಲ್ಲಾ ಇದೆ ಅಂತ ಹೇಳು.”

ಅಜ್ಜಿ ಮತ್ತೆ ಒಂದು ನಿಮಿಷ ಮಾತಾಡಿದರು. “ನೀರು ಹತ್ತು ನಿಮಿಷಕ್ಕೆ ಬರತ್ತಂತೆ,” ಎಂದು ಸುಧಾ ಒಂದೇ ಸಾಲಿನಲ್ಲಿ ಮುಗಿಸಿದಳು. ಉಳಿದದ್ದೇನು ಎಂದು ಕೇಳಿದರೆ ಇವತ್ತಿಗೂ ನಗುತ್ತಾಳೆ.

ಗುಡ್ಡದ ಮೊದಲ ತಿರುವಿನವರೆಗೆ ನನಗೆ ಎಲ್ಲ ಸ್ಪಷ್ಟವಾಗಿ ನೆನಪಿದೆ. ಎರಡನೆಯ ತಿರುವಿನಲ್ಲಿ ಉಸಿರೆಳೆದಾಗೆಲ್ಲ ಮಾಸ್ಕು ಬಾಯಿಯೊಳಕ್ಕೆ ಬರತೊಡಗಿತು. ಅಲ್ಲಿ ನನ್ನ ಚೀಲ ಅಜ್ಜಿಯ ಕೈಗಾಡಿಗೆ ಹೋಯಿತು, ಗಾಡಿಯ ಹಿಡಿಯ ಮೇಲೆ ನಾಲ್ಕು ಕೈಗಳಿದ್ದವು. ಇಷ್ಟರ ಮಟ್ಟಿಗೆ ನನ್ನದೂ ಸುಧಾಳದೂ ಒಪ್ಪಿಗೆ. ನಾನು ತಳ್ಳಿದೆ, ಅವರು ಹಿಡಿದುಕೊಂಡಿದ್ದರು ಎಂಬುದು ನನ್ನ ನೆನಪು. “ನೀವೆಲ್ಲಿ ತಳ್ತಿದ್ರಿ? ಜೋತುಬಿದ್ದಿದ್ರಿ. ಅವರು ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ’ ಅಂತ ನಿಮ್ಮನ್ನ ಹುರಿದುಂಬಿಸ್ತಿದ್ರು,” ಎಂಬುದು ಸುಧಾಳದು. ಆ ಮಾತು ನಾನೂ ಕೇಳಿದ್ದೆ. ಅಜ್ಜಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಮೇಲೆ ಊರಿನವರೆಲ್ಲ ಆಗಲೇ ಟೀ ಕುಡಿಯುತ್ತ ಕೂತಿದ್ದರು. ಹಮಾದಾ ಸಾನ್ ಬಂದದ್ದು ಕಂಡು ಎಲ್ಲರೂ ಎದ್ದು ತಲೆ ಬಾಗಿದರು. ನಾನೂ ಬಾಗಿದೆ, ಮತ್ತೆ ನೆಟ್ಟಗಾಗಲು ಕೊಂಚ ಹೊತ್ತು ಹಿಡಿಯಿತು. ಅಜ್ಜಿ ಏಪ್ರನ್ನಿನ ಜೇಬಿನಿಂದ ಕಿತ್ತಳೆ ತೆಗೆದು, ಸಿಪ್ಪೆ ಸುಲಿದು ನನ್ನ ಕೈಗಿಟ್ಟರು. ಸುಲಿದು ಕೊಟ್ಟದ್ದು ಮಾತ್ರ ಯಾಕೋ ಮನಸ್ಸಿಗೆ ಚುಚ್ಚಿತು.

ಮುಂದಿನ ಎರಡು ವಾರ ಬಾಲ್ಕನಿ, ಅಡುಗೆಮನೆಯ ಜೊತೆಗೆ ಕೆಳಗಿನ ಅಂಚೆಪೆಟ್ಟಿಗೆಗೂ ಓಡಾಡಿದೆ. ನೆರೆಹೊರೆಯ ಮೈನಸ್ ಐದನ್ನು ಸೊನ್ನೆ ಮಾಡಿದೆ, ಪ್ಲಸ್ ಎರಡು ಮಾಡಿದೆ, ಒಂದು ಮಧ್ಯಾಹ್ನ ಹತ್ತು ಮಾಡಿದೆ. ಯಾರಿಗೆ ಯಾರು ಅಂಕ ಹಾಕುತ್ತಿದ್ದಾರೆ ಎಂಬುದೇ ತಿಳಿಯದಾದಾಗ ಕೊನೆಗೆ ಶೀಟನ್ನು ನಾನೇ ಅಳಿಸಿಹಾಕಿದೆ. ಸುಧಾಳಿಗೆ ಹೇಳಲಿಲ್ಲ.

ಲಕೋಟೆ ಬಂತು. ಸುಧಾ ಓದಿ, “ಕೊಟ್ಟಿದ್ದಾರೆ ರೀ,” ಎಂದಳು. ಮನೆ ನಮ್ಮದು. ಜೊತೆಗೆ ಊರಿನಲ್ಲಿ ಮನೆಯಿಂದ ಮನೆಗೆ ಹೋಗುವ ಸುತ್ತೋಲೆಯ ಪ್ರತಿ, ಅದರಲ್ಲಿ ಹೊಸ ಜೋಡಿಗಳ ಪಟ್ಟಿ. ಎಡಕ್ಕೆ ನೆರವು ಬೇಕಾದವರು, ಬಲಕ್ಕೆ ನೆರವಾಗುವವರು. ಪರಭಾಷೆಯ ಹೆಸರುಗಳಿಗೆ ಅವರು ಬಳಸುವ ಲಿಪಿಯೇ ಬೇರೆಯಾದ್ದರಿಂದ ನನ್ನ ಹೆಸರು ಥಟ್ಟನೆ ಸಿಕ್ಕಿತು. ಎಡಗಡೆ ಇತ್ತು. ಅದರೆದುರು ಬಲಗಡೆ ಹಮಾದಾ.

“ಅದಲುಬದಲಾಗಿದೆ, ಪ್ರಿಂಟಿಂಗ್ ಮಿಸ್ಟೇಕು,” ಎಂದೆ. ತಪ್ಪು ಹಿಡಿಯುವುದೇ ಕಸುಬಾದವನು ಸುಮ್ಮನಿರುವುದು ಹೇಗೆ? ನಿಶಿಮುರಾ ಸಾನ್‌ಗೆ ಫೋನು ಮಾಡಿದೆ. ಅವರು ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ ಕಾಗದ ತಿರುವಿದರು, ಇನ್ನೊಮ್ಮೆ ತಿರುವಿದರು, ಆಮೇಲೆ ಬಹಳ ಮೆಲ್ಲಗೆ ಹೇಳಿದರು: ಎರಡು ಸಲ ನೋಡಿದ್ದೇನೆ, ತಪ್ಪೇನಿಲ್ಲ, ಆ ಸಾಲನ್ನು ಹಮಾದಾ ಸಾನ್ ತಾವೇ ಕಚೇರಿಗೆ ಬಂದು ತಮ್ಮ ಕೈಯಾರೆ ಬರೆದು ಹೋಗಿದ್ದಾರೆ.