ಕ್ಲಿಯೋಪಾತ್ರಳ ಮೇಲೆ ನನ್ನ ‘ಉಪನ್ಯಾಸ್’

ಮುಲುಂಡಿನ ನಮ್ಮ ಕನ್ನಡ ಸಂಘದಲ್ಲಿ ಕ್ಲಿಯೋಪಾತ್ರಳ ಬಗ್ಗೆ ನಾನೊಂದು ಉಪನ್ಯಾಸ ಕೊಟ್ಟೆ. ಚೆನ್ನಾಗಿಯೇ ಕೊಟ್ಟೆ. ಉಪ್ಪಿಟ್ಟು ಬರುವ ತನಕ ಯಾರೂ ಏಳಲಿಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು.

ಮುಂದಿನ ವಾರ, ಮಗ ನಿಖಿಲ್ ಮೆಚ್ಚಿದ ಪೂಜಾಳ ಮನೆಗೆಂದು ದಹಿಸರ್‌ಗೆ ಹೋದೆವು. ಅವರು ಹಿಂದಿಯವರು. ತಂದೆ ನಿವೃತ್ತ ಹಿಂದಿ ಮೇಷ್ಟ್ರು, ಗೋಡೆ ತುಂಬ ಪುಸ್ತಕ. ಸಂಬಂಧಕ್ಕೆ ಇನ್ನೂ ಮೀನಮೇಷ ಎಣಿಸುತ್ತಿದ್ದರು. ಕನ್ನಡದವರೆಂದರೆ ಬರೀ ಇಡ್ಲಿ ಬೇಯಿಸುವವರಲ್ಲ ಎಂದು ತೋರಿಸೋಣವೆಂದು, ತರಕಾರಿ ಕೊಳ್ಳುವಷ್ಟೇ ಬರುವ ನನ್ನ ಹಿಂದಿಯಲ್ಲಿ ಶುರುಮಾಡಿದೆ.

“ಮೈನೇ ಕ್ಲಿಯೋಪಾತ್ರಾ ಪರ್ ಉಪನ್ಯಾಸ್ ದಿಯಾ ಹೈ.”

ಮೇಷ್ಟ್ರು ಎದ್ದು ನಿಂತು ಕೈಮುಗಿದರು. “ಆಪ್ ಲೇಖಿಕಾ ಹೈಂ?”

ಬರೆದದ್ದು ನಾನೇ ತಾನೇ, ‘ಹಾಂ’ ಎಂದೆ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಮೊಣಕೈಯಿಂದ ತಿವಿದರು. ಪ್ರೋತ್ಸಾಹವೆಂದುಕೊಂಡು ಮುಂದುವರಿಸಿದೆ. ರೋಮಿನವರು ಯುದ್ಧ ಗೆದ್ದವರಲ್ಲವೇ, ಅವಳನ್ನು ಮಾಟಗಾತಿ ಮಾಡಿದರು. ತಮ್ಮ ಗಂಡಸರು ಹಾಳಾದದ್ದಕ್ಕೆಲ್ಲ ಅವಳೇ ಕಾರಣ. ಆಮೇಲಿನ ನಾಟಕದವರು ಪ್ರೀತಿಗಾಗಿ ಹಾವಿನಿಂದ ಕಚ್ಚಿಸಿ, ಜನರನ್ನು ಅಳಿಸಿ, ಟಿಕೆಟ್ ಮಾರಿಕೊಂಡರು. ಅರಬ್ ಪಂಡಿತರು ಮಾತ್ರ ಪಾಪ, ಅವಳಿಗೆ ವೈದ್ಯ, ರಸಾಯನವೆಲ್ಲ ಓದಿಸಿದರು. ಸಿನಿಮಾದವರು ಕತ್ತೆ ಹಾಲಿನಲ್ಲಿ ನೆನೆಹಾಕಿದರು. ಇವರಲ್ಲಿ ಹೆಚ್ಚಿನವರು ಆಕೆಯ ಮುಖ ಕಂಡವರೇ ಅಲ್ಲ.

ನಿಮ್ಮ ರಾಣಿ ಹೇಗಿದ್ದಾಳೆ ಎಂದು ಕೇಳಿದರು. ಮನೆ ನಿಭಾಯಿಸುವ ಹೆಂಗಸು, ಮನೆ ಮಾತ್ರ ಈಜಿಪ್ಟಿನಷ್ಟು ದೊಡ್ಡದು ಎಂದೆ. ಮೇಷ್ಟ್ರ ಕಣ್ಣು ತುಂಬಿತು. ಇಂಥ ಲೇಖಕಿಯ ಮನೆಗೆ ಮಗಳನ್ನು ಕಣ್ಣುಮುಚ್ಚಿ ಕೊಡುತ್ತೇನೆ ಎಂದುಬಿಟ್ಟರು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಯಜಮಾನರು ಹಣೆ ಚಚ್ಚಿಕೊಂಡರು. ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿಯಂತೆ! ಈಗಲೇ ಫೋನ್ ಮಾಡಿ ನಿಜ ಹೇಳು ಎಂದರು. ಎದುರು ಸೀಟಿನಲ್ಲಿ ನಿಖಿಲ್ ಮದುಮಗನ ಕಳೆ ಹೊತ್ತು ಕೂತಿದ್ದ. ಫೋನನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದುಬಿಟ್ಟೆ.

ನಿಶ್ಚಿತಾರ್ಥದ ದಿನ ಬೀಗರು ಮೈಕ್ ಹಿಡಿದು, ಈಗ ಸಮಧನ್‌ಜಿ, ಅಂದರೆ ಬೀಗಿತ್ತಿಯಾದ ನಾನು, ತಮ್ಮ ಕೃತಿಯಿಂದ ಒಂದು ಪುಟ ಓದುತ್ತಾರೆ ಎಂದು ಘೋಷಿಸಿದರು. ಮೊಬೈಲಿನಲ್ಲಿದ್ದ ಸಂಘದ ಭಾಷಣವನ್ನೇ ಕನ್ನಡದಲ್ಲಿ, ಕಾದಂಬರಿಯ ಹಾಗೆ ದನಿ ನಡುಗಿಸಿ ಓದಿದೆ. ಬೀಗರ ಕಡೆಯವರು ತಲೆದೂಗಿದರು. ನಮ್ಮ ಕಡೆಯಿಂದ ಸಂಘದ ಕಾರ್ಯದರ್ಶಿ, ಮಂಗಳೂರಿನವರು, ಎದ್ದು ನಿಂತರು.

“ಎಂಥ ಮಾರಾಯ್ರೆ ಇದು, ಅವತ್ತಿನ ಉಪನ್ಯಾಸ ಅಲ್ವಾ?”

ಬೀಗರಿಗೆ ಅರ್ಥವಾದದ್ದು ಒಂದೇ ಪದ.

“ಹಾಂ ಹಾಂ, ವಹೀ ಉಪನ್ಯಾಸ್!” ಎಂದು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ಸಭೆಗೆ ಸಭೆಯೇ ತಟ್ಟಿತು. ಏನೂ ತಿಳಿಯದ ಕಾರ್ಯದರ್ಶಿಗಳೂ ತಟ್ಟಿದರು.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬೀಗರು ಇನ್ನೊಂದು ಘೋಷಣೆ ಮಾಡಿದರು: ವಿಲೆ ಪಾರ್ಲೆಯ ಹಾಲ್‌ನಲ್ಲಿ, ಮದುವೆಯ ಮಂಟಪದಲ್ಲೇ ಪುಸ್ತಕ ಬಿಡುಗಡೆ. ಹಿಂದಿಗೆ ಅನುವಾದ ಮಾಡಿಸುವ ಹೊಣೆಯೂ ಅವರದೇ ಅಂತೆ.

ಈಗ ಮದುವೆ ಮುರಿಯದಿರಬೇಕಾದರೆ ನಾನು ಕಾದಂಬರಿ ಬರೆಯಲೇಬೇಕು. ದಿನಾ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮುಂದೆ ಕೂರುತ್ತೇನೆ. ಕಾಫಿ ಲೋಟ ಹಿಡಿದು ಯಜಮಾನರು ಬಗ್ಗಿ ನೋಡುತ್ತಾರೆ.

“ಎಲ್ಲಿಗೆ ಬಂದ್ಳೇ ನಿನ್ನ ರಾಣಿ?”

“ಇನ್ನೂ ಹುಟ್ಟೇ ಇಲ್ಲ ಕಣ್ರೀ.”

ಲಗ್ನಪತ್ರಿಕೆ ಮಾತ್ರ ಅಚ್ಚಾಗಿ ಬಂದಿದೆ. ಅದರಲ್ಲಿ ನಾನು ‘ಪ್ರಸಿದ್ಧ ಲೇಖಕಿ’.