ನಡುಮನೆಯ ಸಮುದ್ರಕ್ಕೆ ಪಾಚಿ

ರಾಯಚೂರಿಗೆ ಅತ್ತ ಕೃಷ್ಣೆ ಇದೆ, ಇತ್ತ ತುಂಗಭದ್ರೆ ಇದೆ, ನೆತ್ತಿಯ ಮೇಲೆ ವರ್ಷವಿಡೀ ಸೂರ್ಯನಿದ್ದಾನೆ. ಇಲ್ಲದ್ದು ಸಮುದ್ರ ಒಂದೇ. ಯಾವ ಸರ್ಕಾರವೂ ಮಾಡದ ಆ ಕೆಲಸವನ್ನು ತಾಯಣ್ಣ ಮಾಸ್ತರು ತಾವೇ ಕೈಗೆತ್ತಿಕೊಂಡು, ತಮ್ಮ ಮನೆಯ ನಡುಮನೆಯಲ್ಲಿ, ಬುದ್ಧನ ಫೋಟೋದ ಕೆಳಗೆ, ಗಾಜಿನ ಪೆಟ್ಟಿಗೆಯೊಂದರಲ್ಲಿ ಸಮುದ್ರವನ್ನು ಸ್ಥಾಪಿಸಿದ್ದರು. ಅದರಲ್ಲಿ ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿಯ ಎರಡು ಮೀನು. ಮೊದಲ ದಿನ ನೀರಿಗೆ ಸಮುದ್ರದ ಉಪ್ಪು ಸುರಿಯುವಾಗ ತಾಯಿ ಶೇಖಮ್ಮ ಸೊಂಟದ ಮೇಲೆ ಕೈಯಿಟ್ಟು, “ಲೇ ತಾಯಣ್ಣ, ಮೀನ ಸಾಕಾಕತ್ತೀಯೋ, ಉಪ್ಪಿನಕಾಯಿ ಹಾಕಾಕತ್ತೀಯೋ?” ಎಂದು ಕೇಳಿದ್ದರು.

ಆ ಸಮುದ್ರಕ್ಕೆ ಈಗ ಪಾಚಿ ಹಿಡಿದಿತ್ತು. ಗಾಜಿಗೆ ಹಸಿರು, ಕಲ್ಲಿಗೆ ಕಂದು, ಮೂಲೆಗಳಲ್ಲಿ ಕೂದಲಿನಂತೆ ಉದ್ದುದ್ದ. (ಮಾಸ್ತರರ ತಲೆಯ ಮೇಲೆ ಬೆಳೆಯಬೇಕಾದದ್ದು ದಾರಿ ತಪ್ಪಿ ಇಲ್ಲಿ ಬೆಳೆದಿದೆ ಎಂಬುದು ಹೆಂಡತಿ ನಾಗವೇಣಿಯ ಅಭಿಪ್ರಾಯ.) ನಾಗವೇಣಿ ಆಸ್ಪತ್ರೆಯಲ್ಲಿ ನರ್ಸು. ಹೊಲಸು ಕಂಡರೆ ಅವಳಿಗೆ ಆಗದು.

“ನೋಡ್ರಿ, ಬರೋ ಐತವಾರ ನನ್ನ ತಮ್ಮ ವಿನೋದ ಮಾನ್ವಿಯಿಂದ ಅಕ್ಕಿ ತರ್ತಾನ. ಅಷ್ಟರಾಗ ಈ ಹೊಲಸು ಹೋಗಬೇಕು. ಇಲ್ಲಂದ್ರ ಅದ ಗಾಡಿಯೊಳಗ ಈ ಪೆಟಗಿ ಹೋಗ್ತದ. ಅವಗ ಅಂಗಡ್ಯಾಗ ಸೋನಾ ಮಸೂರಿ ಹಾಕಿ ಗಿರಾಕಿಗಿ ತೋರಸಾಕ ಗಾಜಿನ ಪೆಟಗಿ ಬೇಕಾಗ್ಯದ.”

“ಮತ್ತ ಮೀನ?”

“ತಂದ ಅಂಗಡಿಗೇ ವಾಪಸ್ ಕೊಡ್ರಿ.”

ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿದ ಮೇಲೆ, ಮಾಸ್ತರು ಸಂಜೆ ಮನೆಗೆ ಬಂದಾಗ ಓಡಿ ಬಂದು ಎದುರುಗೊಳ್ಳುತ್ತಿದ್ದದ್ದು ಆ ಎರಡು ಜೀವ ಮಾತ್ರ. (ನಾಗವೇಣಿಯೂ ಬರುತ್ತಿದ್ದಳು. ತರಕಾರಿ ಚೀಲ ನೋಡಲು.) ಅವುಗಳನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

“ಪಾಚಿ ಉಳೀಬೇಕು, ಇಲ್ಲಾ ನಾ ಉಳೀಬೇಕು,” ಎಂದು ಅವರು ಘೋಷಿಸಿದರು.

ಅವರು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಮೊಬೈಲಿನಲ್ಲಿ ಪಾಚಿಶಾಸ್ತ್ರವನ್ನು ಅರೆದು ಕುಡಿದರು. ಜೊತೆಗೆ ಶೇಂಗಾ. (ಆ ಶೇಂಗಾದಲ್ಲಿ ಅವರಿಗೆ ದಕ್ಕುತ್ತಿದ್ದದ್ದು ನಾಲ್ಕು ಕಾಳು. ‘ಬಾಯಿ ನೋಡೋರ ಮುಂದ ಒಬ್ಬನ ತಿನಬ್ಯಾಡ’ ಎಂದು ತಾಯಿ ಚಿಕ್ಕಂದಿನಲ್ಲಿ ಕಲಿಸಿದ ಪಾಠ ಅವರಿಗೆ ರಕ್ತಗತವಾಗಿತ್ತು. ಪೊಟ್ಟಣ ಬಿಚ್ಚಿದರೆ ಕಂಡಕ್ಟರ್‌ನಿಂದ ಹಿಡಿದು ಹಿಂದಿನ ಸೀಟಿನವರೆಗೆ ಹಂಚಿದ ಮೇಲೆಯೇ ತಮ್ಮ ಬಾಯಿಗೆ.)

ಹೀಗೆ ಪಾಚಿ ನಿರ್ಮೂಲನ ಮಹಾಭಿಯಾನ ಶುರುವಾಯಿತು. ಬ್ರಷ್ ಹಿಡಿದು ಕಲ್ಲುಗಳ ಹಲ್ಲುಜ್ಜಿದರು. ನಳದ ನೀರು ಬಿಟ್ಟು ಫಿಲ್ಟರ್ ನೀರಿನ ಕ್ಯಾನು ಹೊತ್ತು ತಂದರು. ಬೆಳಕು ಕಂಡರೆ ಪಾಚಿ ಬೆಳೆಯುತ್ತದೆಂದು ದೀಪ ಆರಿಸಿ ಪೆಟ್ಟಿಗೆಗೆ ಕೌದಿ ಹೊದಿಸಿದರು.

“ನನ್ನ ಕೌದಿ ತಗೊಂಡು ಮೀನಿಗಿ ಹೊಚ್ಚೀಯಲ್ಲೋ ಯಪ್ಪಾ,” ಎಂದರು ಶೇಖಮ್ಮ. “ಈ ಬಿಸಲಾಗ ಅವಕ್ಕ ಚಳಿ ಹತ್ಯದೇನು?”

ಕೊನೆಗೆ ಪಾಚಿ ಮೇಯುವ ಬಸವನಹುಳುಗಳನ್ನು ತಂದು ಬಿಟ್ಟರು. ಅವು ನಿಷ್ಠೆಯಿಂದ ಮೇದವು, ಆದರೆ ಪಾಚಿ ಅವುಗಳ ಬೆನ್ನಿನ ಚಿಪ್ಪಿನ ಮೇಲೆಯೇ ಬೆಳೆಯಿತು. ಮಾಸ್ತರು ಸಿಟ್ಟಿನಿಂದ ಮೀನಿನಂಗಡಿಯ ಕಲೀಮುಲ್ಲಾನಿಗೆ ಫೋನು ಹಚ್ಚಿದರು.

“ಸರ್, ಊಟ ಜಾಸ್ತಿ ಆಗಾಕತ್ಯದ,” ಎಂದ ಅವನು. “ತಿಂದು ಮಿಕ್ಕಿದ್ದು ನೀರಾಗ ಕೊಳೀತದ, ಅದನ್ನ ತಿಂದು ಪಾಚಿ ಕೊಬ್ಬತದ. ದಿನಕ್ಕ ಒಂದ ಚಿಟಿಕಿ ಹಾಕ್ರಿ, ಸಾಕು.”

“ಮುಂಜಾನಿ ಒಂದ ಚಿಟಿಕಿನ ಹಾಕ್ತೀನಲ್ಲಪಾ.”

“ಹಂಗಾದ್ರ ಮನ್ಯಾಗ ಮತ್ಯಾರೋ ಹಾಕಾಕತ್ತಾರ ನೋಡ್ರಿ.”

ಮಾಸ್ತರರ ಕಣ್ಣು ನೆಟ್ಟಗೆ ತಾಯಿಯ ಮೇಲೆ ಬಿತ್ತು. ಮಧ್ಯಾಹ್ನವೆಲ್ಲ ಪೆಟ್ಟಿಗೆಯ ಮುಂದೆ ಕೂತು ಮೀನುಗಳಿಗೆ ತಮ್ಮೂರು ಗುಂಜಹಳ್ಳಿಯ ಸುದ್ದಿ ಹೇಳುವವರು ಅವರೇ.

“ಯವ್ವಾ, ಮೀನಿಗಿ ಏನರ ಹಾಕಾಕತ್ತೀಯೇನು?”

“ಅವು ಬಾಯಿ ತೆಗದು ತೆಗದು ಕೇಳ್ತಾವ, ಖರೆ. ಆದ್ರ ನೀ ಬ್ಯಾಡ ಅಂದ ಮ್ಯಾಲ ನಾ ಯಾಕ ಹಾಕ್ಲಿ?”

“ನನ್ನ ಕಡಿ ಯಾಕ ನೋಡ್ತೀರಿ?” ಎಂದಳು ನಾಗವೇಣಿ. “ನನಗ ಮನಷ್ಯಾರಿಗಿ ಹಾಕಾಕ ಪುರಸೊತ್ತಿಲ್ಲ.”

ಕಳ್ಳರು ಒಪ್ಪಿಕೊಳ್ಳುವ ಜಾತಿಯಲ್ಲ ಎಂದುಕೊಂಡ ಮಾಸ್ತರು, ಆ ಶನಿವಾರ ಶಾಲೆಗೆ ರಜೆ ಇದ್ದದ್ದು ಒಳ್ಳೆಯದೇ ಆಯಿತೆಂದು, ಹಳೆಯ ಮೊಬೈಲಿನ ಕ್ಯಾಮೆರಾ ಚಾಲೂ ಮಾಡಿ ಪುಸ್ತಕಗಳ ನಡುವೆ ಬಚ್ಚಿಟ್ಟರು. ಆಮೇಲೆ ಏನೂ ಅರಿಯದವರಂತೆ ದಿನವಿಡೀ ನಡುಮನೆಯಲ್ಲೇ ತಿರುಗಾಡಿಕೊಂಡಿದ್ದರು.

ಐತವಾರ ವಿನೋದ ಬಂದ, ಅಕ್ಕಿ ಚೀಲ ಇಳಿಸಿದ, ಹಗ್ಗ ಹಿಡಿದು ಪೆಟ್ಟಿಗೆಯ ಮುಂದೆ ನಿಂತ. ಪೆಟ್ಟಿಗೆ ಮೊದಲಿಗಿಂತ ಹಸಿರಾಗಿತ್ತು.

“ತಡಿ ವಿನೋದ. ಮೊದಲ ಕಳ್ಳರು ಸಿಗ್ಲಿ. ಅವರು ಸಿಕ್ಕರ ಪಾಚಿ ಹೋದಂಗ, ಮೀನ ಉಳದಂಗ,” ಎಂದು ಮಾಸ್ತರು ಮೊಬೈಲನ್ನು ಟಿವಿಗೆ ಜೋಡಿಸಿ, ಎಲ್ಲರನ್ನೂ ಸಾಲಾಗಿ ಕೂರಿಸಿದರು.

ಪರದೆಯ ಮೇಲೆ ಮೊದಲು ಶೇಖಮ್ಮ ಬಂದರು. “ನನ್ನ ಮುಂದ ಬಾಯಿ ತೆರದ್ರ ಏನ ಬಂತು? ತಾಯಣ್ಣನ್ನ ಕೇಳ್ರಿ,” ಎಂದು ಮೀನುಗಳಿಗೆ ಹೇಳಿ ಎದ್ದು ಹೋದರು. ಆಮೇಲೆ ನಾಗವೇಣಿ ಬಂದು, ಗಾಜು ಒರೆಸಿ, ಮೀನುಗಳನ್ನು ಒಮ್ಮೆ ದುರುಗುಟ್ಟಿ ನೋಡಿ ಹೋದಳು.

ಮೂರನೆಯದಾಗಿ ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಸ್ವತಃ ತಾಯಣ್ಣ ಮಾಸ್ತರು ಬಂದು ಕುಳಿತರು. ಚಮಚ ಬಾಯಿಯ ತನಕ ಹೋಯಿತು. ಎರಡೂ ಮೀನು ಗಾಜಿಗೆ ಬಂದು ನಿಂತವು. ಚಮಚ ಕೆಳಗಿಳಿಯಿತು. ಕೈ ತಾನಾಗಿ ಮೀನಿನ ಕಾಳಿನ ಡಬ್ಬಿಗೆ ಹೋಯಿತು. “ಬರ್ರಿ, ನಾಷ್ಟಾ ಮಾಡೂನು,” ಎಂಬ ಅವರದೇ ದನಿ ಟಿವಿಯಿಂದ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಚಹಾ ಬಂತು. “ಚಾ ತಗೋರಿ.” ಒಂದು ಚಿಟಿಕೆ. ಊಟ ಬಂತು, ಮಿರ್ಚಿ ಬಂತು, ಮತ್ತೆ ಚಹಾ ಬಂತು. ಪ್ರತಿ ಸಲವೂ ಆಮಂತ್ರಣ, ಪ್ರತಿ ಸಲವೂ ಚಿಟಿಕೆ.

ನಾಗವೇಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಅದು ಹಾಕಿದ್ದಲ್ಲ,” ಎಂದರು ಮಾಸ್ತರು ಬೆವರೊರೆಸಿಕೊಳ್ಳುತ್ತ. “ಊಟಕ್ಕ ಕರದದ್ದು. ಎದುರಿಗಿ ಬಾಯಿ ನೋಡ್ಕೋತ ನಿಂತ್ರ ಹ್ಯಾಂಗ ನುಂಗೂದು? ಹಾಕೂದು ಅಂದ್ರ ಮುಂಜಾನಿದು ಒಂದ.”

“ಮಾವ, ಹಗ್ಗ ಪೆಟಗಿಗಿ ಕಟ್ಲೋ, ನಿಮ್ಮ ಕೈಗಿ ಕಟ್ಲೋ?” ಎಂದ ವಿನೋದ.

ತೀರ್ಪು ಕೊಟ್ಟವರು ಶೇಖಮ್ಮ. “ಮೀನ ಇಲ್ಲೇ ಇರ್ಲಿ. ಪಾಪ, ಅವೇನು ಮಾಡ್ಯಾವ? ಈ ತಾಯಣ್ಣನ್ನ ಒಳಗ ಹಾಕ್ರಿ.”

ಅಂದಿನಿಂದ ಡಬ್ಬಿ ನಾಗವೇಣಿಯ ಕಪಾಟಿನೊಳಗೆ, ಮಾಸ್ತರರ ತಟ್ಟೆ ಅಡುಗೆಮನೆಯೊಳಗೆ, ಮುಖ ಗೋಡೆಯ ಕಡೆಗೆ. ಪಾಚಿ ಉಪವಾಸ ಬಿದ್ದು ದಿನದಿನಕ್ಕೆ ಬಡವಾಯಿತು. ಮುಂದಿನ ಸಲ ಅಕ್ಕಿ ತಂದ ವಿನೋದನಿಗೆ ನಂಬಲಾಗಲಿಲ್ಲ. ಪೆಟ್ಟಿಗೆಯ ಮುಂದೆಯೇ ಕುಳಿತು, ಮೀನುಗಳ ಕಣ್ಣಲ್ಲಿ ಕಣ್ಣಿಟ್ಟು, ಯಾರನ್ನೂ ಕರೆಯದೆ ಜೋಳದ ರೊಟ್ಟಿ ಬಾರಿಸತೊಡಗಿದ.

“ಅಕ್ಕಾ, ನೀರು ಕನ್ನಡಿ ಆಗ್ಯದಲ್ಲ. ಮಾವ ಎಲ್ಲಿ?”

“ಒಳಗ. ಅವರಿಗಿ ಪಥ್ಯ ಅದ.”

ಒಳಗೆ ಮಾಸ್ತರು ನೀರು ಕನ್ನಡಿಯಾದ ಮಾತು ಕೇಳಿ ಹಿಗ್ಗಿದರು. ಅಂತೂ ಪಾಚಿ ಹೋಯಿತು, ತಾವು ಉಳಿದರು. ನೆಮ್ಮದಿಯಿಂದ ಮೊದಲ ತುತ್ತು ಎತ್ತಿದರು. ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿಯೊಂದು ಕತ್ತು ಚಾಚಿ ಅವರ ಬಾಯನ್ನೇ ನೋಡುತ್ತಿತ್ತು.

ಮಾಸ್ತರು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು. ತುತ್ತು ತಟ್ಟೆಗಿಟ್ಟು ರೊಟ್ಟಿಯ ಚೂರೊಂದನ್ನು ಮುರಿದರು.

“ಬರ್ರಿ,” ಎಂದರು ಮೆಲ್ಲಗೆ, “ಊಟ ಮಾಡೂನು.”